ಒಪ್ಪುವುದು, ಮಣಿಯುವುದು

ಗಾಳಿಗೆ ಬಳ್ಳಿ ಮಣಿಯುತ್ತದೆ. ಗಾಳಿಯನ್ನು ಅದು ಒಪ್ಪಿತೆಂದು ಯಾರೂ ಹೇಳರು. ಕನ್ನಡ ಪಾಠ ಹೇಳುವ ನನಗೆ ಈ ಎರಡು ಕ್ರಿಯಾಪದಗಳ ಅಂತರವನ್ನು ಮನಗಾಣಿಸಿದ್ದು ನಾಲ್ವರು ಕಾನೂನು ಅಧ್ಯಾಪಕರ ಒಂದು ಪತ್ರ.

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂದು ಮೊಕದ್ದಮೆ ನಡೆಯಿತು. ಬೆದರಿ ಸುಮ್ಮನಿದ್ದುದು ಸಮ್ಮತಿಯಲ್ಲವೆಂದು ಹೈಕೋರ್ಟು ಇಬ್ಬರು ಪೊಲೀಸರನ್ನು ಶಿಕ್ಷಿಸಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರನ್ನು ಬಿಟ್ಟಿತು: ಮೈಮೇಲೆ ಗಾಯವಿಲ್ಲ, ಆದ್ದರಿಂದ ಪ್ರತಿಭಟನೆಯಿಲ್ಲ, ಆದ್ದರಿಂದ ಸಮ್ಮತಿ ಇತ್ತು! ಈ ತರ್ಕವನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಕೆಂಪು ಶಾಯಿ ಎಳೆಯುತ್ತಿದ್ದೆ.

ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಇವರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಸಮ್ಮತಿಯಲ್ಲಿ ಮಣಿಯುವಿಕೆ ಇದ್ದೀತು, ಮಣಿದದ್ದೆಲ್ಲ ಸಮ್ಮತಿಯಾಗದು ಎಂಬುದೇ ಅದರ ತಿರುಳು. ಹದಿಹರೆಯದ ಬಡ ಹುಡುಗಿ ರಾತ್ರಿಯ ಹೊತ್ತು ಠಾಣೆಯೊಳಗಿಂದ ಕೂಗಿ ಯಾರನ್ನು ಕರೆಯಬೇಕಿತ್ತು? ಪೊಲೀಸರನ್ನೇ?

ಪತ್ರ ನ್ಯಾಯಾಲಯವನ್ನು ಕದಲಿಸಲಿಲ್ಲ. 1980ರಲ್ಲಿ ಮಹಿಳೆಯರನ್ನು ಬೀದಿಗೆ ತಂದಿತು. 1983ರಲ್ಲಿ ಕಾಯಿದೆ ತಿದ್ದುಪಡಿಯಾಯಿತು: ಪೊಲೀಸರ ವಶದಲ್ಲಿ ಸಂಭೋಗ ನಡೆದುದು ಸಿದ್ಧವಾಗಿ, ತಾನು ಒಪ್ಪಿರಲಿಲ್ಲವೆಂದು ಹೆಣ್ಣು ಸಾಕ್ಷ್ಯ ನುಡಿದರೆ, ನ್ಯಾಯಾಲಯ ಹಾಗೆಯೇ ಭಾವಿಸತಕ್ಕದ್ದು. ಆ ಇಬ್ಬರ ಬಿಡುಗಡೆ ಮಾತ್ರ ಹಾಗೆಯೇ ಉಳಿಯಿತು.