ಬಾಗಿಲ ಮೇಲೆ ಬೆಟ್ಟ ಬೀಳಲಿ

ಆದವಾನಿ, ಎಮ್ಮಿಗನೂರು, ಆಲೂರು ಕಡೆ ಹೊಸ ಕಾರಿನ ಮೊದಲ ಪಯಣ ಬಹುಪಾಲು ಮಂತ್ರಾಲಯಕ್ಕೆ, ಇಲ್ಲವೇ ಉರುಕುಂದ ಈರಣ್ಣನ ಗುಡಿಗೆ. ಗಾಲಿಯಡಿ ನಿಂಬೆಹಣ್ಣು, ಬಾನೆಟ್ ಮೇಲೆ ಚೆಂಡುಹೂವಿನ ಹಾರ, ಆಮೇಲೆ ಮೊಬೈಲ್ ಹೊರಗೆ. ಮನೆಗೆ ಬಂದು ಫೋಟೊ ನೋಡಿದರೆ ಬಾಗಿಲ ತುಂಬ ಎದುರಿನ ಅಂಗಡಿಯ ಬೋರ್ಡು, ನಡುವೆ ಕೈಯೆತ್ತಿ ನಿಂತ ಫೋಟೊ ತೆಗೆದವನೇ!

ಕಾರಿನ ಮೈ ಕನ್ನಡಿ ಇದ್ದ ಹಾಗೆ. ಹೊಸಬರು ಕಾರಿನ ಹಿಂದೆ ಏನಿದೆ ಎಂದು ನೋಡುತ್ತಾರೆ, ಎದುರಿಗೆ ಏನಿದೆ ಎಂದು ನೋಡುವುದಿಲ್ಲ. ಈ ಸೀಮೆಯಲ್ಲಿ ಎದುರಿಗಿಡಲು ಒಳ್ಳೆಯ ವಸ್ತುಗಳಿಗೆ ಬರವಿಲ್ಲ. ಆದವಾನಿಯ ಕೋಟೆಬೆಟ್ಟದ ದುಂಡು ಬಂಡೆಗಳಿವೆ, ಆಲೂರಿನ ಕಡೆ ಕಣ್ಣು ಹಾಯುವಷ್ಟು ದೂರ ಎರೆ ಹೊಲವಿದೆ. ಬಯಲಲ್ಲಿ ನಿಲ್ಲಿಸಿದ ಕಾರಿನ ಮೇಲೆ ದಿಗಂತ ಒಂದೇ ಗೆರೆಯಾಗಿ ಬಾಗಿಲಿಂದ ಬಾಗಿಲಿಗೆ ಹರಿಯುತ್ತದೆ. ಮೈಯ ಉಬ್ಬುತಗ್ಗು ಕಾಣುವುದೇ ಆ ಗೆರೆಯಿಂದ. ಹೊತ್ತು ಮಾತ್ರ ನೋಡಿಕೊಳ್ಳಬೇಕು. ನಡುಮಧ್ಯಾಹ್ನದ ಬಿಸಿಲಿಗೆ ಬಿಳಿ ಕಾರು ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಹೊತ್ತು ಮುಳುಗಿದ ಮೇಲಿನ ಹತ್ತಿಪ್ಪತ್ತು ನಿಮಿಷ ಆಕಾಶವೇ ದೊಡ್ಡ ದೀಪ.

ನಿಂತು ತೆಗೆಯಬೇಡಿ, ಕುಕ್ಕುರುಗಾಲಲ್ಲಿ ಕೂತು ಫೋನನ್ನು ಹೆಡ್‌ಲೈಟಿನ ಎತ್ತರಕ್ಕೆ ಇಳಿಸಿ. ಹತ್ತಿರ ಹೋದಷ್ಟೂ ಮೂತಿ ಉಬ್ಬುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ. ಮುಂದಿನ ಚಕ್ರ ತಿರುಗಿಸುವುದಾದರೆ ಟೈರಲ್ಲ, ರಿಮ್ಮು ನಿಮ್ಮ ಕಡೆ ಇರಲಿ. ಕ್ಯಾಮೆರಾ ಇದ್ದವರು ಬೇರೆ ಲೆನ್ಸಿಗೆ ದುಡ್ಡು ಸುರಿಯುವ ಮೊದಲು ಒಂದು ಪೋಲರೈಸರ್ ಫಿಲ್ಟರ್ ಕೊಳ್ಳಲಿ. ಅದನ್ನು ತಿರುಗಿಸುತ್ತಿದ್ದಂತೆ ಗಾಜಿನ ಮೇಲಿನ ಹೊಳಪು ಕರಗಿ ಸ್ಟಿಯರಿಂಗ್ ಕಾಣತೊಡಗುತ್ತದೆ.

ಓಡುವ ಕಾರಿನ ಆಟ ಬೇರೆ. ಫ್ರಾನ್ಸಿನ ಜಾಕ್ ಆನ್ರಿ ಲಾರ್ಟಿಗ್ ಹತ್ತೊಂಬತ್ತನೇ ವಯಸ್ಸಿನ ಆಸುಪಾಸಿನಲ್ಲಿ ತೆಗೆದ ರೇಸ್ ಕಾರಿನ ಚಿತ್ರದಲ್ಲಿ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿದೆ, ನೋಡಲು ಬಂದ ಜನ ಹಿಂದಕ್ಕೆ ವಾಲಿದ್ದಾರೆ. ಅವನ ಕ್ಯಾಮೆರಾದ ಶಟರು ಚಿತ್ರವನ್ನು ಒಂದೇ ಕ್ಷಣದಲ್ಲಿ ಅಲ್ಲ, ಸೀಳುಸೀಳಾಗಿ ದಾಖಲಿಸುತ್ತಿತ್ತು. 1963ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಅವನ ಚಿತ್ರಗಳ ಪ್ರದರ್ಶನ ಏರ್ಪಡಿಸಿದ ಮೇಲೆ ಜಗತ್ತು ಅವನನ್ನು ಗುರುತಿಸಿತು. ನಮ್ಮ ಮೊಬೈಲೂ ಸಾಲುಸಾಲಾಗಿಯೇ ಓದುತ್ತದೆ. ಭರ್ರನೆ ಹೋಗುವ ಕಾರು ಓರೆಯಾಗಿ ಬರುವುದು ಅದಕ್ಕೇ. ಕ್ಯಾಮೆರಾದಲ್ಲಿ 1/60 ಸೆಕೆಂಡಿಗೆ ಇಟ್ಟು, ಕಾರಿನ ಜೊತೆಗೇ ಸೊಂಟ ತಿರುಗಿಸುತ್ತ ಒತ್ತಿದರೆ ಕಾರು ಚುರುಕಾಗಿ, ಹಿಂದಿನ ಹತ್ತಿ ಹೊಲ ಗೆರೆಗೆರೆಯಾಗಿ ಬರುತ್ತದೆ. ಇದನ್ನು ಗಾಡಿ ಕಡಿಮೆ ಇರುವ ಊರದಾರಿಯಲ್ಲಿ, ಅಂಚಿನಿಂದ ದೂರ ನಿಂತು ಕಲಿಯಬೇಕು. ಹತ್ತಿ ಸುಗ್ಗಿಯಲ್ಲಿ ಆದವಾನಿ ಮಾರ್ಕೆಟ್ ಯಾರ್ಡಿಗೆ ಲೋಡು ತುಂಬಿದ ಟ್ರ್ಯಾಕ್ಟರುಗಳು ನುಗ್ಗುವ ರಸ್ತೆಯಲ್ಲಂತೂ ಬೇಡವೇ ಬೇಡ.

ಎಡಿಟಿಂಗಿಗೆ ಸ್ನ್ಯಾಪ್‌ಸೀಡ್ ಸಾಕು, ಪುಕ್ಕಟೆ. ಮೊದಲು ವಾಲಿದ ದಿಗಂತ ನೆಟ್ಟಗಾಗಲಿ, ಬಳಿಕ ಹೈಲೈಟ್ ಇಳಿಸಿ, ನೆರಳನ್ನು ತುಸು ಎತ್ತಿ. ಸಂಜೆ ಬೆಳಕಿಗೆ ಹಳದಿಯಾದ ಬಿಳಿ ಕಾರಿಗೆ ವೈಟ್ ಬ್ಯಾಲೆನ್ಸ್ ಸರಿಪಡಿಸುವುದು ಸರಿ. ಆದರೆ ಕೆಮ್ಮಣ್ಣಿನ ಮೇಲೆ ನಿಂತ ಕಾರಿನ ಬಾಗಿಲ ಕೆಳಗಿನ ಕೆಂಪು ಛಾಯೆ ಆ ನೆಲದ ಪ್ರತಿಫಲನ, ಅದನ್ನು ಅಳಿಸಿದರೆ ಕಾರು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಎಚ್‌ಡಿಆರ್ ಗುಂಡಿಯನ್ನು ಕೊನೆತನಕ ಎಳೆಯುವವರ ಬಗ್ಗೆ ನನಗೆ ಸಹನೆ ಕಡಿಮೆ. ಕಸ ಅಳಿಸುವ ಹೀಲಿಂಗ್ ಉಪಕರಣ ಹಿಂದಿನ ತಂತಿ, ಕಾಗದದ ಚೂರಿಗೆ ಇರಲಿ. ಮಾರಾಟಕ್ಕಿಟ್ಟ ಗಾಡಿಯ ಗೀರು ಅಳಿಸಿದರೆ ಅದು ಎಡಿಟಿಂಗ್ ಅಲ್ಲ, ಮೋಸ. ಬೇರೆಯವರ ಗಾಡಿಯಾದರೆ ಹಂಚುವ ಮೊದಲು ನಂಬರ್ ಪ್ಲೇಟ್ ಮಸುಕು ಮಾಡಿ, ಮೂಲ ಫೋಟೊ ಬೇರೆ ಫೋಲ್ಡರಿನಲ್ಲಿ ಉಳಿಸಿ. ಪ್ರತಿಬಿಂಬವನ್ನೆಲ್ಲ ಎತ್ತಿ ತೋರಿಸುವ ಕಪ್ಪು ಕಾರಿನ ತಂಟೆಗೆ ಇಷ್ಟೆಲ್ಲ ಪಳಗಿದ ಮೇಲೆ ಹೋಗಿ.