ರಜೆ ನಿಯಮ ದಿಢೀರ್ ಬದಲಾಯಿಸಿದರೆ ಉಳಿಸಿಟ್ಟ ರಜೆ ಕೈತಪ್ಪುತ್ತದೆಯೇ? ಪುಣೆ ಕನ್ನಡಿಗ ಉದ್ಯೋಗಿಗಳು ತಿಳಿದಿರಬೇಕಾದ ಲೆಕ್ಕ ಇಲ್ಲಿದೆ

ಪುಣೆ: ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಊರು ವಿಜಯಪುರ, ಕೆಲಸ ಪುಣೆಯ ಕಂಪನಿಯೊಂದರಲ್ಲಿ, ಬಾಡಿಗೆ ಮನೆ ಬಿಬವೇವಾಡಿಯಲ್ಲಿ. ಊರಿನಲ್ಲಿರುವ ತಾಯಿಗೆ ಜನವರಿಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಎಂದು ಎರಡು ವರ್ಷದಿಂದ ರಜೆ ಉಳಿಸಿಕೊಂಡು ಬಂದಿದ್ದೀರಿ. ಖಾತೆಯಲ್ಲಿ 32 ದಿನ ಇದೆ. ಡಿಸೆಂಬರ್ ಮೊದಲ ವಾರ ಎಚ್‌ಆರ್ ವಿಭಾಗದಿಂದ ಒಂದು ಇಮೇಲ್ ಬರುತ್ತದೆ: 'ಇನ್ನು ಮುಂದೆ ಎಲ್ಲ ರಜೆಗಳೂ ಸೇರಿ ವರ್ಷಕ್ಕೆ 18 ದಿನ. ಮುಂದಿನ ವರ್ಷಕ್ಕೆ 5 ದಿನ ಮಾತ್ರ ಒಯ್ಯಬಹುದು. ಉಳಿದದ್ದು ಡಿಸೆಂಬರ್ 31ಕ್ಕೆ ರದ್ದು'.

ಉದಾಹರಣೆ ಕಾಲ್ಪನಿಕ. ಆದರೆ ರಜೆ ನಿಯಮ ಬದಲಾದಾಗ ಉದ್ಯೋಗಿಗಳ ಸಿಟ್ಟು ಹೆಚ್ಚಾಗಿ ಇಂಥದ್ದೇ. ಹೀಗೆ ಮಾಡಲು ಕಂಪನಿಗೆ ಅಧಿಕಾರ ಇದೆಯೇ? ಪೂರ್ತಿ ಇಲ್ಲ. ಕಾನೂನು ಕೊಟ್ಟ ಕನಿಷ್ಠ ರಜೆಗೆ ಕಂಪನಿ ಕೈ ಹಾಕುವಂತಿಲ್ಲ. ಅದಕ್ಕಿಂತ ಹೆಚ್ಚು ಕೊಟ್ಟದ್ದನ್ನು ಮಾತ್ರ ಬದಲಾಯಿಸಬಹುದು, ಅದಕ್ಕೂ ಒಂದು ಕ್ರಮ ಇದೆ.

ಮಹಾರಾಷ್ಟ್ರದಲ್ಲಿ ಕನಿಷ್ಠ ಎಷ್ಟು ರಜೆ?

ಪುಣೆಯ ಅಂಗಡಿ, ಗೋದಾಮು, ಹೋಟೆಲ್, ಐಟಿ ಕಚೇರಿಗಳಿಗೆ ಅನ್ವಯಿಸುವುದು ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ, 2017. ಮೊದಲು 10 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತಿತ್ತು. 2025ರಲ್ಲಿ ಈ ಮಿತಿಯನ್ನು 20ಕ್ಕೆ ಏರಿಸಲಾಯಿತು. ಕಾಯ್ದೆಯ ಪ್ರಕಾರ ಸಿಗಬೇಕಾದ ರಜೆಗಳು ಇವು:

* ಗಳಿಕೆ ರಜೆ: ವರ್ಷದಲ್ಲಿ ಕನಿಷ್ಠ 240 ದಿನ ಕೆಲಸ ಮಾಡಿದವರಿಗೆ ಪ್ರತಿ 20 ದಿನದ ಕೆಲಸಕ್ಕೆ 1 ದಿನ. 45 ದಿನದವರೆಗೆ ಕೂಡಿಡಬಹುದು.
* ಸಾಂದರ್ಭಿಕ ರಜೆ: ವರ್ಷಕ್ಕೆ 8 ದಿನ. ಇದನ್ನು ಆಯಾ ವರ್ಷವೇ ಬಳಸಬೇಕು, ಇಲ್ಲದಿದ್ದರೆ ರದ್ದಾಗುತ್ತದೆ.
* ರಾಷ್ಟ್ರೀಯ ಮತ್ತು ಹಬ್ಬದ ರಜೆ: ವರ್ಷಕ್ಕೆ 8 ದಿನ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಕಡ್ಡಾಯ. ಉಳಿದ 4 ದಿನ ಮಾಲೀಕರು ಮತ್ತು ಕೆಲಸಗಾರರು ಮಾತನಾಡಿ ನಿರ್ಧರಿಸಬೇಕು.

ಈಗ ಮೇಲಿನ ಉದಾಹರಣೆಗೆ ಬನ್ನಿ. 240 ದಿನ ಕೆಲಸ ಮಾಡಿದವರಿಗೆ 12 ದಿನ ಗಳಿಕೆ ರಜೆ, 8 ದಿನ ಸಾಂದರ್ಭಿಕ ರಜೆ. ಹಬ್ಬದ ರಜೆ ಬಿಟ್ಟೇ ಒಟ್ಟು 20 ದಿನ. ಕಂಪನಿ ಕೊಡಲು ಹೊರಟಿರುವುದು 18. ಅಂದರೆ ಹೊಸ ನಿಯಮ ಕಾನೂನಿನ ಕನಿಷ್ಠಕ್ಕಿಂತ 2 ದಿನ ಕಡಿಮೆ ಇದೆ. ಕಾನೂನು 45 ದಿನ ಕೂಡಿಡಲು ಬಿಟ್ಟಿರುವಾಗ ಗಳಿಕೆ ರಜೆಗೆ 5 ದಿನದ ಮಿತಿ ಹಾಕುವುದೂ ನಿಲ್ಲುವುದಿಲ್ಲ. ಕಂಪನಿ 'ಪಿಟಿಒ' ಎಂಬ ಒಂದೇ ಹೆಸರು ಕೊಟ್ಟ ಮಾತ್ರಕ್ಕೆ ಲೆಕ್ಕ ಬದಲಾಗದು.

21 ದಿನದ ನೋಟಿಸ್ ನಿಯಮ

ಸರಿ, ಕಂಪನಿ ಇದುವರೆಗೆ 28 ದಿನ ಕೊಡುತ್ತಿತ್ತು, ಈಗ 22ಕ್ಕೆ ಇಳಿಸುತ್ತಿದೆ ಎಂದುಕೊಳ್ಳೋಣ. ಕನಿಷ್ಠ ಮಿತಿ ಮುರಿದಿಲ್ಲ. ಆಗಲೂ ರಾತ್ರೋರಾತ್ರಿ ಜಾರಿ ಮಾಡುವಂತಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಪ್ರಕಾರ, ಕೆಲಸದ ಕೆಲವು ಷರತ್ತುಗಳನ್ನು ಬದಲಾಯಿಸುವ ಮೊದಲು 21 ದಿನದ ನೋಟಿಸ್ ಕೊಡಬೇಕಿತ್ತು. ಆ ಪಟ್ಟಿಯಲ್ಲಿ ವೇತನಸಹಿತ ರಜೆಯೂ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಂನಲ್ಲೂ ಇದೇ ನಿಯಮ ಉಳಿದಿದೆ.

ಇದು ಎಲ್ಲರಿಗೂ ಸಿಗುತ್ತದೆಯೇ? ಇಲ್ಲ. ಆಡಳಿತಾತ್ಮಕ ಹುದ್ದೆಯಲ್ಲಿರುವವರು ಮತ್ತು ತಿಂಗಳಿಗೆ ₹18,000ಕ್ಕಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಸಂಹಿತೆಯ 'ಕಾರ್ಮಿಕ' ವ್ಯಾಖ್ಯೆಯಿಂದ ಹೊರಗಿದ್ದಾರೆ. ತಾಂತ್ರಿಕ ಕೆಲಸ ಮಾಡುವವರು ವ್ಯಾಖ್ಯೆಯ ಒಳಗೇ ಬರುತ್ತಾರೆ. ವಿಸಿಟಿಂಗ್ ಕಾರ್ಡ್‌ನಲ್ಲಿ 'ಮ್ಯಾನೇಜರ್' ಎಂದಿದ್ದರೆ ಸಾಲದು, ನಿಜವಾಗಿ ಮಾಡುವ ಕೆಲಸ ಯಾವುದು ಎಂಬುದೇ ಮುಖ್ಯ.

ಕಂಪನಿಗಳಿಗೆ ರಜೆ ಏಕೆ ಭಾರ?

ನೀವು ಕೂಡಿಟ್ಟ ರಜೆ ನಿಮಗೆ ಉಳಿತಾಯ, ಕಂಪನಿಗೆ ಸಾಲ. ಲೆಕ್ಕಪತ್ರ ನಿಯಮಗಳ ಪ್ರಕಾರ ಕೂಡಿಡಬಹುದಾದ ರಜೆಯ ಮೌಲ್ಯವನ್ನು ಕಂಪನಿ ತನ್ನ ಹೊಣೆಗಾರಿಕೆ ಎಂದು ತೋರಿಸಬೇಕು. ಸಂಬಳ ಏರಿದಂತೆ ಹಳೆಯ ರಜೆಯ ಬೆಲೆಯೂ ಏರುತ್ತದೆ. ಹೊಸ ಸಂಹಿತೆಗಳಲ್ಲಿ ವೇತನದ ವ್ಯಾಖ್ಯೆಯೂ ಬದಲಾಗಿದೆ. ಭತ್ಯೆಗಳು ಒಟ್ಟು ಸಂಬಳದ ಶೇ 50 ಮೀರಿದರೆ, ಮೀರಿದ ಭಾಗವನ್ನೂ ವೇತನಕ್ಕೆ ಸೇರಿಸಬೇಕು. ಮೂಲವೇತನ ಕಡಿಮೆ ಇಟ್ಟಿದ್ದ ಕಂಪನಿಗಳಿಗೆ ರಜೆ ನಗದೀಕರಣದ ವೆಚ್ಚ ಇದರಿಂದ ಹೆಚ್ಚುತ್ತದೆ.

ಅಮೆರಿಕದಲ್ಲಿ ಕೆಲವು ಕಂಪನಿಗಳು ಇದಕ್ಕೆ 'ಮಿತಿಯಿಲ್ಲದ ರಜೆ' ಎಂಬ ದಾರಿ ಹಿಡಿದಿವೆ. ದಿನಗಳ ಲೆಕ್ಕವೇ ಇಲ್ಲದಿದ್ದರೆ ಬಾಕಿಯೂ ಇಲ್ಲ. ಮೈಕ್ರೋಸಾಫ್ಟ್ 2023ರ ಜನವರಿಯಲ್ಲಿ ಅಲ್ಲಿನ ಉದ್ಯೋಗಿಗಳಿಗೆ ಈ ಪದ್ಧತಿ ತಂದಾಗ ಬಳಸದೆ ಉಳಿದಿದ್ದ ರಜೆಗೆ ಹಣ ಕೊಡುವುದಾಗಿ ಹೇಳಿತ್ತು. ಬದಲಾವಣೆ ತಂದರೂ ದುಡಿದು ಗಳಿಸಿದ್ದನ್ನು ಅಳಿಸಲಿಲ್ಲ.

ಜ್ವರ ಬಂದರೆ ಯಾವ ರಜೆ?

ಮಹಾರಾಷ್ಟ್ರದ ಕಾಯ್ದೆಯಲ್ಲಿ ಅನಾರೋಗ್ಯಕ್ಕೆಂದೇ ಪ್ರತ್ಯೇಕ ರಜೆ ಇಲ್ಲ. ಹೀಗಾಗಿ ಕಂಪನಿ ತಾನಾಗಿ ಕೊಡುತ್ತಿದ್ದ ಸಿಕ್ ಲೀವ್ ಅನ್ನು ಪಿಟಿಒ ಜೊತೆ ಸೇರಿಸಿದರೆ, ಡೆಂಗಿ ಬಂದು ಮಲಗಿದವರು ದೀಪಾವಳಿಗೆ ಊರಿಗೆ ಹೋಗುವ ರಜೆಯನ್ನೇ ಖರ್ಚು ಮಾಡಬೇಕು. ತಿಂಗಳಿಗೆ ₹21,000ವರೆಗೆ ವೇತನ ಇರುವವರಿಗೆ ಇಎಸ್‌ಐ ರಕ್ಷಣೆ ಇದೆ. ವೈದ್ಯರ ಪ್ರಮಾಣಪತ್ರ ಇದ್ದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70ರಷ್ಟು ಸಿಗುತ್ತದೆ. ಇಎಸ್‌ಐ ಆಸ್ಪತ್ರೆ ಬಿಬವೇವಾಡಿಯಲ್ಲೇ ಇದೆ. ಹೆಚ್ಚು ಸಂಬಳದವರಿಗೆ ಈ ಆಸರೆ ಇಲ್ಲ.

ಇದೇ ಕೆಲಸ ಬೆಂಗಳೂರಿನಲ್ಲಿದ್ದರೆ? ಕರ್ನಾಟಕದ 1961ರ ಕಾಯ್ದೆಯಲ್ಲೂ ಗಳಿಕೆ ರಜೆ ಪ್ರತಿ 20 ದಿನಕ್ಕೆ 1 ದಿನವೇ. ಆದರೆ ಅನಾರೋಗ್ಯ ಮತ್ತಿತರ ಕಾರಣಗಳಿಗೆ ವರ್ಷಕ್ಕೆ 12 ದಿನ ಪ್ರತ್ಯೇಕವಾಗಿ ಸಿಗುತ್ತದೆ. ಯಾವ ರಾಜ್ಯದ ಕಚೇರಿಯಲ್ಲಿ ಕೆಲಸ ಮಾಡುತ್ತೀರೋ ಆ ರಾಜ್ಯದ ನಿಯಮ ಅನ್ವಯಿಸುತ್ತದೆ, ಮುಖ್ಯ ಕಚೇರಿ ಎಲ್ಲಿದೆ ಎಂಬುದಲ್ಲ.

ಇಮೇಲ್ ಬಂದರೆ ಏನು ಮಾಡಬೇಕು?

* ಮೊದಲು ರಜೆ ಖಾತೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಹೊಸ ನಿಯಮ ಜಾರಿಯಾದ ಮೇಲೆ ಹಳೆಯ ಲೆಕ್ಕ ಕಾಣದೆ ಹೋಗಬಹುದು.
* ನೇಮಕಾತಿ ಪತ್ರ ಓದಿ. ರಜೆಯ ಸಂಖ್ಯೆ ಅದರಲ್ಲೇ ಇದೆಯೋ, 'ಕಂಪನಿ ನಿಯಮದಂತೆ' ಎಂದಷ್ಟೇ ಇದೆಯೋ ನೋಡಿ.
* ಉಳಿದ ರಜೆಗೆ ಲಿಖಿತ ಅರ್ಜಿ ಹಾಕಿ. 15 ದಿನ ಮುಂಚೆ ಕೇಳಿದ ರಜೆಯನ್ನು ನಿರಾಕರಿಸಿದರೆ, 45 ದಿನ ಮೀರಿದ ಭಾಗಕ್ಕೆ ಹಣ ಕೇಳುವ ಹಕ್ಕು ಮಹಾರಾಷ್ಟ್ರ ಕಾಯ್ದೆಯಲ್ಲಿದೆ.
* ಒಬ್ಬರೇ ಜಗಳಕ್ಕಿಳಿಯುವ ಬದಲು ಸಹೋದ್ಯೋಗಿಗಳ ಜೊತೆ ಸೇರಿ, ಕನಿಷ್ಠ ರಜೆಯ ಲೆಕ್ಕ ಮುಂದಿಟ್ಟು ಎಚ್‌ಆರ್‌ಗೆ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಪುಣೆಯ ಕಾರ್ಮಿಕ ಇಲಾಖೆ ಕಚೇರಿಗೆ ದೂರು ಕೊಡಬಹುದು.
* ಕೆಲಸ ಬಿಡುವಾಗ ರಜೆ ನಗದೀಕರಣ ಕೇಳಲು ಮರೆಯಬೇಡಿ. ಖಾಸಗಿ ಉದ್ಯೋಗಿಗಳಿಗೆ ಈ ಹಣದ ಮೇಲಿನ ತೆರಿಗೆ ವಿನಾಯಿತಿ ಮಿತಿಯನ್ನು 2023ರ ಏಪ್ರಿಲ್ 1ರಿಂದ ₹3 ಲಕ್ಷದಿಂದ ₹25 ಲಕ್ಷಕ್ಕೆ ಏರಿಸಲಾಗಿದೆ. ಕೆಲಸದಲ್ಲಿರುವಾಗಲೇ ಪಡೆದ ನಗದಿಗೆ ಈ ವಿನಾಯಿತಿ ಇಲ್ಲ.

ಕಂಪನಿ ದೊಡ್ಡದು, ಎಲ್ಲವೂ ಕಾನೂನುಬದ್ಧವಾಗಿಯೇ ಇರುತ್ತದೆ ಎಂದು ಸುಮ್ಮನಿರುವುದೂ ಸರಿಯಲ್ಲ. ಜಾಗತಿಕ ಸಂಸ್ಥೆ ಇವೈನ ಪುಣೆ ಕಚೇರಿ 2007ರಿಂದ ಇದೇ ಕಾಯ್ದೆಯಡಿ ನೋಂದಣಿ ಇಲ್ಲದೆ ನಡೆಯುತ್ತಿತ್ತು ಎಂದು ಮಹಾರಾಷ್ಟ್ರ ಕಾರ್ಮಿಕ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ತಿಳಿಸಿತ್ತು. ಅಲ್ಲಿನ ಯುವ ಉದ್ಯೋಗಿಯೊಬ್ಬರ ಸಾವಿನ ನಂತರ ಕೆಲಸದ ಒತ್ತಡ ದೇಶಾದ್ಯಂತ ಚರ್ಚೆಯಾಗಿ, ತಪಾಸಣೆ ನಡೆದ ಮೇಲಷ್ಟೇ ಈ ಸಂಗತಿ ಹೊರಬಂತು.

ತಾಯಿಯ ಶಸ್ತ್ರಚಿಕಿತ್ಸೆಗೆಂದು ಉಳಿಸಿದ ಆ 32 ದಿನಗಳಲ್ಲಿ ಗಳಿಕೆ ರಜೆ ಎಷ್ಟು, ಕಂಪನಿ ಹೆಚ್ಚುವರಿಯಾಗಿ ಕೊಟ್ಟದ್ದು ಎಷ್ಟು ಎಂದು ಮೊದಲು ಬೇರ್ಪಡಿಸಿ. ಎರಡನೆಯದರ ಬಗ್ಗೆ ಮಾತುಕತೆ ನಡೆಸಬಹುದು. ಮೊದಲನೆಯದು ನೀವು ಆಗಲೇ ದುಡಿದು ಗಳಿಸಿದ್ದು, ಒಂದು ಇಮೇಲ್‌ನಿಂದ ಅದು ರದ್ದಾಗುವುದಿಲ್ಲ.