ಸರಾಸರಿಗಳ ಸರಾಸರಿ: ವರ್ತಕರು ಗಮನಿಸಬೇಕಾದ ಲೆಕ್ಕ

ಅನಿಲ್ ಕುಂಬ್ಳೆಯವರು 1990ರಿಂದ 2008ರವರೆಗೆ 132 ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್‌ಗಳನ್ನು ಗಳಿಸಿದರು. ಸ್ವದೇಶದಲ್ಲಿ ಪಡೆದ 350 ವಿಕೆಟ್‌ಗಳಿಗೆ ತಲಾ 24.88 ರನ್, ವಿದೇಶಗಳಲ್ಲಿ ಪಡೆದ 269 ವಿಕೆಟ್‌ಗಳಿಗೆ ತಲಾ 35.85 ರನ್ ತೆತ್ತರು. ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 30.37 ಬರುತ್ತದೆ. ದಾಖಲೆಯಲ್ಲಿರುವುದಾದರೋ 29.65. ತವರಿನ ವಿಕೆಟ್‌ಗಳು ಅಧಿಕವಾದುದರಿಂದ ಒಟ್ಟು ಸರಾಸರಿ ಅತ್ತಲೇ ವಾಲಿದೆ.

ಇಲ್ಲಿ ವ್ಯತ್ಯಾಸ ಅಲ್ಪ. ಕೆಲವೊಮ್ಮೆ ತೀರ್ಪೇ ತಲೆಕೆಳಗಾಗುವುದುಂಟು. ಅಮೆರಿಕದ ಬೇಸ್‌ಬಾಲ್ ಕ್ರೀಡೆಯಲ್ಲಿ 1995ರಲ್ಲಿ ಡೇವಿಡ್ ಜಸ್ಟಿಸ್ 411 ಸರದಿಗಳಲ್ಲಿ 104 ಬಾರಿ, ಡೆರೆಕ್ ಜೀಟರ್ 48ರಲ್ಲಿ 12 ಬಾರಿ ಯಶಸ್ವಿಯಾಗಿ ಚೆಂಡನ್ನು ಹೊಡೆದರು. 1996ರಲ್ಲಿ ಜಸ್ಟಿಸ್‌ರದು 140ಕ್ಕೆ 45, ಜೀಟರ್‌ರದು 582ಕ್ಕೆ 183. ಎರಡೂ ವರ್ಷ ಜಸ್ಟಿಸ್‌ರದೇ ಮೇಲುಗೈ: ಮೊದಲು 0.253ಕ್ಕೆ ಎದುರಾಗಿ 0.250, ಬಳಿಕ 0.321ಕ್ಕೆ ಎದುರಾಗಿ 0.314. ಎರಡನ್ನೂ ಒಗ್ಗೂಡಿಸಿದರೆ ಜೀಟರ್ 0.310, ಜಸ್ಟಿಸ್ 0.270! ಇಬ್ಬರಿಗೂ ಉತ್ತಮವಾಗಿದ್ದ ವರ್ಷದಲ್ಲಿ ಜೀಟರ್ ಹೆಚ್ಚು ಆಡಿದ್ದರು. ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ವಿವರಿಸಿದ ಈ ವೈಚಿತ್ರ್ಯಕ್ಕೆ ಅವರದೇ ಹೆಸರು ಅಂಟಿಕೊಂಡಿದೆ. ಯೂಲ್ ಎಂಬುವರು ಇದನ್ನು 1903ರಲ್ಲಿಯೇ ಗುರುತಿಸಿದ್ದರೆಂಬುದು ಬೇರೆ ಮಾತು.

ಶ್ರೀನಿವಾಸಪುರದ ಮಾವಿನ ಮಂಡಿಗೂ ಇದೇ ಗಣಿತ ಅನ್ವಯಿಸುತ್ತದೆ. ಊಹೆಯ ಅಂಕಿಗಳನ್ನೇ ತೆಗೆದುಕೊಳ್ಳೋಣ. ಒಬ್ಬ ವರ್ತಕನು 20 ಟನ್ ಬಾದಾಮಿಯನ್ನು ಕಿಲೋಗೆ 40 ರೂಪಾಯಿಯಂತೆ, 80 ಟನ್ ತೋತಾಪುರಿಯನ್ನು 12 ರೂಪಾಯಿಯಂತೆ ಮಾರುತ್ತಾನೆ. ಮತ್ತೊಬ್ಬನು 80 ಟನ್ ಬಾದಾಮಿಯನ್ನು 38ರಂತೆ, 20 ಟನ್ ತೋತಾಪುರಿಯನ್ನು 11ರಂತೆ ಮಾರುತ್ತಾನೆ. ಎರಡೂ ತಳಿಗಳಲ್ಲಿ ಮೊದಲನೆಯವನಿಗೇ ಹೆಚ್ಚಿನ ದರ ದೊರೆತಿದೆ. ಆದರೂ ಒಟ್ಟು ಸರಾಸರಿ ಅವನದು 17.60, ಎರಡನೆಯವನದು 32.60. ಈ ಒಂದೇ ಅಂಕಿಯನ್ನು ನೋಡಿ ಪಾಲುದಾರನು ಮೊದಲನೆಯವನನ್ನು ಅಸಮರ್ಥನೆಂದು ಕೈಬಿಟ್ಟರೆ ಅದು ಅನ್ಯಾಯವೇ ಸರಿ. ಚೌಕಾಸಿಯ ಜಾಣ್ಮೆಯನ್ನು ಅಳೆಯಲು ತಳಿವಾರು ದರವನ್ನು, ಗಲ್ಲಾಪೆಟ್ಟಿಗೆಗೆ ಬಂದುದನ್ನು ಅರಿಯಲು ಒಟ್ಟು ಮೊತ್ತವನ್ನು ನೋಡಬೇಕು. ಬೇಸ್‌ಬಾಲ್ ಆಟಗಾರರ ವಿಷಯದಲ್ಲಿ ಒಟ್ಟು ಅಂಕಿಯೇ ಹೆಚ್ಚು ನಂಬಲರ್ಹ, ಮಾವಿನಲ್ಲಿ ಹಾಗಲ್ಲ.

ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಅಂಗಡಿಯುಳ್ಳವರಿಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. ಕೋಲಾರದ ಅಂಗಡಿಯಲ್ಲಿ 50 ಲಕ್ಷ ರೂಪಾಯಿ ವಹಿವಾಟಿಗೆ ಶೇ. 4ರ ಲಾಭ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಲಾ 5 ಲಕ್ಷಕ್ಕೆ ಕ್ರಮವಾಗಿ ಶೇ. 10, 10 ಮತ್ತು 12 ಎಂದುಕೊಳ್ಳಿ. ನಾಲ್ಕನ್ನೂ ಕೂಡಿಸಿ ಭಾಗಿಸಿದರೆ ಶೇ. 9. ವಾಸ್ತವದಲ್ಲಿ 65 ಲಕ್ಷಕ್ಕೆ ಬಂದ ಲಾಭ 3.6 ಲಕ್ಷ, ಅಂದರೆ ಸುಮಾರು ಶೇ. 5.5. ಆ ಒಂಬತ್ತನ್ನು ನಂಬಿ ಎಲ್ಲೆಡೆ ಶೇ. 6ರ ರಿಯಾಯಿತಿಯನ್ನು ಘೋಷಿಸಿದ ವರ್ತಕನು, ಮಾರಾಟ ಹೆಚ್ಚದಿದ್ದಲ್ಲಿ, ವರ್ಷಾಂತ್ಯಕ್ಕೆ ಕೈಯಿಂದ ಹಣ ಕಟ್ಟಬೇಕಾಗುತ್ತದೆ.